ಎಡಕ್ಕೆ ಕಡಲು, ಬಲಕ್ಕೆ ಹೊಳೆ: ಕೋಡಿ ಬೆಂಗ್ರೆಗೆ ಹೋಗಿ ಬನ್ನಿ



ಹೈದರಾಬಾದಿನಲ್ಲಿರುವ ನಮಗೆ ಸಮುದ್ರ ಅಂದರೆ ಹುಸೇನ್ ಸಾಗರ! ಹೆಸರಿನಲ್ಲಿ ಸಾಗರ ಇದೆ, ಸಂಜೆ ಟ್ಯಾಂಕ್ ಬಂಡ್ ಮೇಲೆ ನಿಂತರೆ ಗಾಳಿಯೂ ಬೀಸುತ್ತದೆ. ಆದರೆ ನೀರಿಗೆ ಉಪ್ಪಿಲ್ಲ, ಅಲೆಗೆ ಸದ್ದಿಲ್ಲ. ಕಲಬುರಗಿ, ಬೀದರ್, ರಾಯಚೂರು ಕಡೆಯಿಂದ ಬಂದು ಇಲ್ಲಿ ನೆಲೆಸಿದ ನಮ್ಮ ಕೇಳುಗರಲ್ಲಿ ಎಷ್ಟೋ ಮಂದಿ ಕರ್ನಾಟಕದ ಕಡಲನ್ನು ಟಿ.ವಿ.ಯಲ್ಲಿ ಮಾತ್ರ ನೋಡಿದವರು.

ಈಚೆಗೆ ಕೇಳುಗರೊಬ್ಬರು ಫೋನಿನಲ್ಲಿ ಕೇಳಿದರು: "ಗ್ರೀಸ್ ದೇಶದ ದ್ವೀಪಗಳಲ್ಲಿ ಕಡಲ ದಂಡೆಯ ಪುಟ್ಟ ಪುಟ್ಟ ಊರುಗಳ ಫೋಟೋ ನೋಡ್ತೀವಲ್ಲ, ಅಂಥದ್ದು ನಮ್ಮ ಕಡೆ ಇಲ್ವಾ ಸಾರ್?" ಇದೆ. ಸುಣ್ಣ ಬಳಿದ ಬಿಳಿ ಮನೆಗಳಿಲ್ಲ, ನೀಲಿ ಕಿಟಕಿಗಳಿಲ್ಲ. ಹೆಂಚಿನ ಮನೆಗಳು, ತೆಂಗಿನ ಮರಗಳು, ಒಣಗಲು ಹರವಿದ ಬಲೆಗಳು ಇವೆ. ಊರಿನ ಹೆಸರು ಕೋಡಿ ಬೆಂಗ್ರೆ. ಉಡುಪಿಯಿಂದ ಒಂದು ಗಂಟೆಯೊಳಗಿನ ದಾರಿ. ಈ ಸಲ ಅಲ್ಲಿಗೆ ಹೋಗುವುದು ಹೇಗೆ, ಹೋದರೆ ಏನು ನೋಡಬೇಕು, ಏನು ಮಾಡಬಾರದು ಎಂಬುದನ್ನು ತಿಳಿಯೋಣ.

ಮೊದಲು ಗ್ರೀಸಿನ ಮಾತು

ಗ್ರೀಸಿನ ಕ್ರೀಟ್ ದ್ವೀಪದ ದಕ್ಷಿಣ ದಂಡೆಯಲ್ಲಿ ಲೂಟ್ರೊ ಎಂಬ ಊರಿದೆ. ಅಲ್ಲಿಗೆ ಕಾರು ಹೋಗುವ ರಸ್ತೆ ಇಲ್ಲ. ದೋಣಿಯಲ್ಲಿ ಹೋಗಬೇಕು, ಇಲ್ಲವೇ ಬೆಟ್ಟದ ಅಂಚಿನ ಕಾಲುದಾರಿಯಲ್ಲಿ ನಡೆಯಬೇಕು. ಹಿಂದೆ ಅದು ಹಡಗುಗಳು ಚಳಿಗಾಲ ಕಳೆಯಲು ನಿಲ್ಲುತ್ತಿದ್ದ ಫೀನಿಕ್ಸ್ ಎಂಬ ಬಂದರು. ಬೈಬಲಿನಲ್ಲೂ ಅದರ ಹೆಸರು ಬರುತ್ತದೆ. ಇಂದು ಆ ಊರಿನ ಮನೆಗಳು ಹೆಚ್ಚೂಕಡಿಮೆ ಎಲ್ಲವೂ ಪ್ರವಾಸಿಗರಿಗೆ ಕೊಡುವ ಕೋಣೆಗಳು, ಊಟದ ಅಂಗಡಿಗಳು. ಬೇಸಿಗೆಯಲ್ಲಿ ತುಂಬಿ ತುಳುಕುತ್ತದೆ. ಚಳಿಗಾಲ ಬಂತೆಂದರೆ ಬಾಗಿಲು ಹಾಕಿ ಬಹುಮಂದಿ ಹೊರಟುಹೋಗುತ್ತಾರೆ.

ಈ ಒಂದು ಸಂಗತಿಯನ್ನು ನೆನಪಿನಲ್ಲಿಡಿ. ಕೋಡಿ ಬೆಂಗ್ರೆ ಇನ್ನೂ ಹಾಗಾಗಿಲ್ಲ. ಅದು ಮೀನುಗಾರರು ವರ್ಷಪೂರ್ತಿ ಬಾಳುವ ಊರು. ಮುಂದೆಯೂ ಹಾಗೇ ಉಳಿಯಬೇಕೆಂದರೆ ನೋಡಲು ಹೋಗುವ ನಮ್ಮ ನಿಮ್ಮ ಕೈಯಲ್ಲೂ ಸ್ವಲ್ಪ ಇದೆ.

ಬೆಂಗ್ರೆ ಅಂದರೇನು?

ಕರಾವಳಿಯಲ್ಲಿ ಹೊಳೆಗೂ ಕಡಲಿಗೂ ನಡುವೆ ಉದ್ದಕ್ಕೆ ಚಾಚಿಕೊಂಡ ಮರಳಿನ ಪಟ್ಟಿಗೆ ಬೆಂಗ್ರೆ ಎನ್ನುತ್ತಾರೆ. ಕೋಡಿ ಅಂದರೆ ತುದಿ. ಹೊಳೆಯ ನಡುವಿನ ನಡುಗಡ್ಡೆಗೆ ಕುದ್ರು ಎಂದು ಹೆಸರು. ಹೊಳೆ ಕಡಲು ಸೇರುವ ಬಾಯಿಗೆ ಅಳಿವೆ. ಈ ನಾಲ್ಕು ಮಾತು ಗೊತ್ತಿದ್ದರೆ ಅರ್ಧ ಭೂಗೋಳ ತಿಳಿದಂತೆಯೇ!

ಕೋಡಿ ಬೆಂಗ್ರೆ ದ್ವೀಪವಲ್ಲ, ಆದರೆ ಮೂರು ಕಡೆ ನೀರು. ಪಶ್ಚಿಮಕ್ಕೆ ಅರಬ್ಬಿ ಸಮುದ್ರ, ಪೂರ್ವಕ್ಕೆ ಹೊಳೆ, ಉತ್ತರಕ್ಕೆ ಅಳಿವೆ. ದಕ್ಷಿಣದ ಕಡೆ ಮಾತ್ರ ನೆಲದ ನಂಟು. ಹೂಡೆ ಎಂಬ ಊರು ದಾಟಿ ಉತ್ತರಕ್ಕೆ ಹೊರಟರೆ ಎಡಗಡೆ ಕಡಲು, ಬಲಗಡೆ ಹೊಳೆ, ನಡುವೆ ಒಂದು ರಸ್ತೆ. ಕೆಲವು ಕಡೆ ಈ ನೀರಿನಿಂದ ಆ ನೀರಿಗೆ ನಡೆದುಹೋಗಲು ಕೆಲವೇ ನಿಮಿಷ ಸಾಕು. ಬೆಳಿಗ್ಗೆ ಹೊಳೆಯ ಮೇಲೆ ಹುಟ್ಟಿದ ಸೂರ್ಯ ಸಂಜೆ ಕಡಲಿನಲ್ಲಿ ಮುಳುಗುವುದನ್ನು ಒಂದೇ ಊರಿನಲ್ಲಿ ನಿಂತು ನೋಡಬಹುದು.

ಈ ಮರಳು ಎಲ್ಲಿಂದ ಬಂತು? ಆಗುಂಬೆ ಕಡೆಯ ಘಟ್ಟದಿಂದ ಇಳಿಯುವ ಸೀತಾ, ಕಾರ್ಕಳ ಕಡೆಯ ಘಟ್ಟದಿಂದ ಬರುವ ಸುವರ್ಣಾ, ಈ ಎರಡು ಹೊಳೆಗಳು ಇಲ್ಲಿ ಒಂದಾಗಿ ಸಮುದ್ರ ಸೇರುತ್ತವೆ. ಉಡುಪಿ ಕಡೆ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ. ಆಗುಂಬೆಯಲ್ಲಿ ಅದಕ್ಕಿಂತಲೂ ಹೆಚ್ಚು. ಮಳೆಗಾಲದ ಕೆಂಪು ನೀರು ಘಟ್ಟದ ಮಣ್ಣು ಮರಳನ್ನು ಹೊತ್ತು ತರುತ್ತದೆ. ಅಳಿವೆಯಲ್ಲಿ ಹೊಳೆಯ ಓಟ ನಿಧಾನವಾಗುತ್ತದೆ, ಎದುರಿನಿಂದ ಅಲೆಗಳು ತಳ್ಳುತ್ತವೆ. ಹೊತ್ತ ಮರಳು ಅಲ್ಲೇ ಇಳಿಯುತ್ತದೆ. ದಂಡೆಯ ಉದ್ದಕ್ಕೂ ಓರೆಯಾಗಿ ಬಡಿಯುವ ಅಲೆಗಳು ಅದನ್ನು ಸರಿಸಿ ಸರಿಸಿ ಪಟ್ಟಿಯಂತೆ ಕಟ್ಟುತ್ತವೆ. ಅಂದರೆ ಬೆಂಗ್ರೆಯನ್ನು ಕಟ್ಟಿದ್ದು ಹೊಳೆ ಮತ್ತು ಕಡಲು ಸೇರಿ. ಕೊಟ್ಟವರೇ ವಾಪಸು ಕೇಳಬಹುದಲ್ಲವೇ? ಮಳೆಗಾಲದ ಕಡಲ್ಕೊರೆತ ಎಂದರೆ ಅದೇ. ದಂಡೆಯುದ್ದಕ್ಕೂ ಸುರಿದ ದೊಡ್ಡ ದೊಡ್ಡ ಕಲ್ಲುಗಳ ತಡೆಗೋಡೆಯನ್ನು ನೋಡಿದಾಗ ಇದು ನೆನಪಾಗಲಿ. ಪ್ರತಿ ಜೂನ್‌ನಲ್ಲಿ ಇಲ್ಲಿನ ಜನ ಅಲೆಯ ಸದ್ದಿಗೆ ಕಿವಿಗೊಟ್ಟೇ ಮಲಗುತ್ತಾರೆ.

ಬಾವಿಯ ಸಿಹಿನೀರಿನ ಗುಟ್ಟು

ಎರಡು ಕಡೆ ಉಪ್ಪುನೀರು ಇದ್ದರೂ ಮರಳು ದಿಬ್ಬದಲ್ಲಿ ಬಾವಿ ತೋಡಿದರೆ ಸಿಹಿನೀರು ಸಿಗುವುದುಂಟು. ಹೇಗೆ? ಮಳೆನೀರು ಮರಳಿನಲ್ಲಿ ಇಂಗುತ್ತದೆ. ಸಿಹಿನೀರು ಉಪ್ಪುನೀರಿಗಿಂತ ಹಗುರ. ಹಾಗಾಗಿ ಕೆಳಗೆ ಉಪ್ಪುನೀರು, ಅದರ ಮೇಲೆ ತೇಲುವ ಸಿಹಿನೀರಿನ ಪದರ. ಲೆಕ್ಕದ ಪ್ರಕಾರ ಸಮುದ್ರಮಟ್ಟಕ್ಕಿಂತ ಒಂದು ಅಡಿ ಮೇಲೆ ಸಿಹಿನೀರು ನಿಂತಿದ್ದರೆ ಕೆಳಗೆ ಸುಮಾರು 40 ಅಡಿ ಸಿಹಿನೀರು ಇರಬಲ್ಲದು. ಆದರೆ ಈ ಲೆಕ್ಕ ಎರಡೂ ಕಡೆಗೆ ನಡೆಯುತ್ತದೆ. ಪಂಪು ಹಾಕಿ ಒಂದು ಅಡಿ ಎಳೆದರೆ ಕಾಲಕ್ರಮದಲ್ಲಿ ಕೆಳಗಿನಿಂದ 40 ಅಡಿ ಉಪ್ಪುನೀರು ಮೇಲೇರುತ್ತದೆ! ಹತ್ತು ಕೋಣೆಯ ಹೋಟೆಲು, ಕೋಣೆಗೊಂದು ಶವರು ಬಂದರೆ ಪಕ್ಕದ ಮನೆಯ ಬಾವಿ ಏನಾದೀತು, ಯೋಚಿಸಿ. ಇಂಥ ಊರಿನಲ್ಲಿ ಉಳಿದುಕೊಂಡರೆ ನೀರನ್ನು ಬೇಸಿಗೆಯ ರಾಯಚೂರಿನಲ್ಲಿ ಬಳಸಿದಂತೆ ಬಳಸಿ. ಇದೇ ಮೊದಲ ಮರ್ಯಾದೆ.

ಊರಿನ ದಿನಚರಿ

ನಮ್ಮ ಹೈದರಾಬಾದಿನಲ್ಲಿ ಉಡುಪಿ ಅಂದರೆ ಹೋಟೆಲು. ಇಡ್ಲಿ, ವಡೆ, ಮಸಾಲೆ ದೋಸೆ. ಬೆಂಗ್ರೆಯಲ್ಲಿ ನಿಮಗೆ ಬೇರೊಂದು ಉಡುಪಿ ಕಾಣುತ್ತದೆ. ಕುಚ್ಚಲಕ್ಕಿ ಗಂಜಿ, ಬಂಗುಡೆ ಸಾರು, ಬೂತಾಯಿ ಹುರಿದದ್ದು, ಹೊಳೆಯ ಮರುವಾಯಿಯ ಸುಕ್ಕ. ಇಳಿತದ ಹೊತ್ತಿನಲ್ಲಿ ಹೆಂಗಸರು, ಗಂಡಸರು ಮೊಣಕಾಲುದ್ದದ ನೀರಿನಲ್ಲಿ ಬಾಗಿ ಮರುವಾಯಿ ಆರಿಸುವುದನ್ನು ಹೊಳೆಯ ಕಡೆ ನೋಡಬಹುದು. ಚಿಪ್ಪಿನೊಳಗಿನ ಈ ಜೀವಿಗೆ ಉಪ್ಪು, ಸಿಹಿ ಬೆರೆತ ನೀರೇ ಬೇಕು. ಅಳಿವೆಯ ಹೊಳೆ ಅದಕ್ಕೆ ಹೇಳಿ ಮಾಡಿಸಿದ ಜಾಗ.

ಕಡಲ ಕಡೆ ಅದೃಷ್ಟವಿದ್ದರೆ ಕೈರಂಪಣಿ ಎಳೆಯುವುದನ್ನು ಕಾಣಬಹುದು. ದೋಣಿಯಲ್ಲಿ ಬಲೆಯನ್ನು ಅರ್ಧಚಂದ್ರದಂತೆ ಬಿಟ್ಟು ಬರುತ್ತಾರೆ. ಬಲೆಯ ಎರಡು ತುದಿಯ ಹಗ್ಗ ದಂಡೆಯ ಮೇಲೆ ಎರಡು ಗುಂಪಿನ ಕೈಯಲ್ಲಿ. ಎಳೆಯುತ್ತಾ ಎಳೆಯುತ್ತಾ ಎರಡು ಗುಂಪುಗಳೂ ಹತ್ತಿರ ಬರುತ್ತವೆ, ಮೀನು ನಡುವೆ ಸಿಕ್ಕಿಬೀಳುತ್ತದೆ. ಹಿಂದೆ ಕರಾವಳಿಯಲ್ಲಿ ಇದರ ದೊಡ್ಡಣ್ಣ ರಂಪಣಿ ಇತ್ತು. ಹತ್ತಾರು ಜನ ಸೇರಿ ಎಳೆಯಬೇಕಾದ ಬಲೆ, ಬಂದ ಮೀನು ಎಲ್ಲರಿಗೂ ಪಾಲು. 1970ರ ದಶಕದ ನಡುವಿನಲ್ಲಿ ಯಂತ್ರದೋಣಿಯ ಪರ್ಸೀನ್ ಬಲೆಗಳು ಬಂದವು. ದಂಡೆಗೆ ಬರುವ ಮೊದಲೇ ಮೀನಿನ ಹಿಂಡನ್ನು ಆಳದಲ್ಲಿ ಸುತ್ತುಗಟ್ಟಿ ಹಿಡಿಯತೊಡಗಿದ ಮೇಲೆ ರಂಪಣಿ ಮಂಕಾಯಿತು. ಅದರ ಚಿಕ್ಕ ರೂಪವೇ ಈ ಕೈರಂಪಣಿ.

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಕರ್ನಾಟಕದ ಕರಾವಳಿಯಲ್ಲಿ ಯಂತ್ರದೋಣಿಗಳ ಮೀನುಗಾರಿಕೆಗೆ ನಿಷೇಧ. ಮೀನು ಮೊಟ್ಟೆಯಿಡುವ ಕಾಲ ಎಂಬುದು ಕಾರಣ. ಆಗ ಬಲೆ ರಿಪೇರಿ, ದೋಣಿ ರಿಪೇರಿ, ಮನೆಯ ಸೂರಿನ ರಿಪೇರಿ.

ಪಂಚಾಯಿತಿ ಎದುರಿಗೇ ಇದೆ, ಆದರೆ ಹೊಳೆಯಾಚೆ!

ಅಳಿವೆಯ ಆಚೆ ದಡದಲ್ಲಿ ಹಂಗಾರಕಟ್ಟೆ. ಒಂದಾನೊಂದು ಕಾಲದಲ್ಲಿ ಆಳುಪರ ರಾಜಧಾನಿಯಾಗಿದ್ದ ಬಾರ್ಕೂರಿಗೆ ಅದೇ ಬಂದರು. ಇಲ್ಲಿ ನಿಂತರೆ ಅಲ್ಲಿನ ದೋಣಿಗಳು ಕಣ್ಣಿಗೆ ಕಾಣುತ್ತವೆ. ಆದರೆ ರಸ್ತೆಯಲ್ಲಿ ಹೋಗಬೇಕೆಂದರೆ ಹೂಡೆ, ಕೆಮ್ಮಣ್ಣು, ಸಂತೆಕಟ್ಟೆ, ಬ್ರಹ್ಮಾವರ ಎಂದು ಸುತ್ತಿ ಸುಮಾರು 30 ಕಿಲೋಮೀಟರ್ ದಾರಿ. ಕೋಡಿ ಬೆಂಗ್ರೆ ಸೇರಿರುವುದು ಆಚೆ ದಡದ ಕೋಡಿ ಗ್ರಾಮ ಪಂಚಾಯಿತಿಗೆ. ಒಂದು ಸರ್ಟಿಫಿಕೇಟು ಬೇಕಾದರೂ ಹೊಳೆ ದಾಟಬೇಕು, ಇಲ್ಲವೇ ಊರು ಸುತ್ತಬೇಕು. ಹೀಗಾಗಿ ಪ್ರವಾಸಿಗರಿಗೆ ಮೋಜಿನ ಸವಾರಿಯಾಗಿ ಕಾಣುವ ದೋಣಿ, ಬಾರ್ಜುಗಳು ಊರಿನವರಿಗೆ ನಮ್ಮ ಸಿಟಿ ಬಸ್ಸು ಇದ್ದಂತೆ. ಅದರಲ್ಲಿ ಜಾಗ ಕಡಿಮೆ ಇದ್ದರೆ ಮೊದಲು ಊರಿನವರನ್ನು ಹತ್ತಲು ಬಿಡಿ.

ಮಾತಿನಲ್ಲೂ ಇಲ್ಲೊಂದು ಗಡಿ ಇದೆ. ಸೀತಾನದಿಯಿಂದ ದಕ್ಷಿಣಕ್ಕೆ ತುಳು, ಉತ್ತರಕ್ಕೆ ಕುಂದಾಪುರ ಕನ್ನಡ ಎಂದು ಹಿಂದಿನಿಂದ ಹೇಳುತ್ತಾರೆ. ಈಚೆ "ಓಡೆ ಪೋಪಿನಿ?", ಆಚೆ "ಹ್ವಾಯ್!". ನೀವು ಕಲಬುರಗಿ ಕನ್ನಡದಲ್ಲಿ ಮಾತಾಡಿದರೆ ಯಾರೂ ನಗುವುದಿಲ್ಲ, ಹೆದರಬೇಡಿ. "ಅಣ್ಣಾ", "ಅಕ್ಕಾ" ಎಂದು ಶುರುಮಾಡಿದರೆ ಎಲ್ಲ ದಂಡೆಯಲ್ಲೂ ನಡೆಯುತ್ತದೆ.

ಅಂದ ಹಾಗೆ, ಗ್ರೀಸಿಗೂ ಈ ದಂಡೆಗೂ ಒಂದು ಹಳೆಯ ಗಂಟಿದೆ! ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ಸಿಕ್ಕ ಪಪೈರಸ್ ಹಾಳೆಗಳಲ್ಲಿ ಗ್ರೀಕ್ ಭಾಷೆಯ ಒಂದು ಪ್ರಹಸನವಿದೆ. ಅದು 1903ರಲ್ಲಿ ಅಚ್ಚಾಯಿತು. ಕರೀಟಿಯಾನ್ ಎಂಬ ಗ್ರೀಕ್ ಹುಡುಗಿ ಭಾರತದ ಕಡಲ ದಂಡೆಯ ರಾಜನೊಬ್ಬನ ಸೆರೆಯಲ್ಲಿರುತ್ತಾಳೆ. ಅವಳ ಕಡೆಯವರು ರಾಜನಿಗೆ ಮದ್ಯ ಕುಡಿಸಿ ಅವಳನ್ನು ಬಿಡಿಸಿಕೊಂಡು ಹೋಗುತ್ತಾರೆ. ಅದರಲ್ಲಿ ದಂಡೆಯವರು ಆಡುವ ಅರ್ಥವಾಗದ ಮಾತುಗಳು ಕನ್ನಡವೇ ಎಂದು ಕೆಲವು ವಿದ್ವಾಂಸರು, ತುಳು ಎಂದು ಇನ್ನು ಕೆಲವರು ವಾದಿಸಿದ್ದಾರೆ. ಎರಡನ್ನೂ ಒಪ್ಪದವರೂ ಇದ್ದಾರೆ. ಕಥೆ ನಡೆದದ್ದು ಮಲ್ಪೆಯ ಆಸುಪಾಸಿನಲ್ಲಿ ಎಂಬ ಊಹೆಯೂ ಇದೆ. ನಿಜ ಏನೇ ಇರಲಿ, ನಾವು ಗ್ರೀಸಿನ ದಂಡೆಯ ಕನಸು ಕಾಣುವ ಎಷ್ಟೋ ಮೊದಲು ಗ್ರೀಕರು ನಮ್ಮ ಕಡೆಯ ದಂಡೆಯ ಕಥೆ ಹೇಳಿ ನಗುತ್ತಿದ್ದರು!

ಹೋಗುವುದು ಹೇಗೆ?

ಕಾಚಿಗುಡದಿಂದ ವಾರಕ್ಕೆ ಎರಡು ದಿನ ಮಂಗಳೂರಿಗೆ ಹೋಗುತ್ತಿದ್ದ ರೈಲನ್ನು 2024ರಲ್ಲಿ ಮುರ್ಡೇಶ್ವರದವರೆಗೆ ವಿಸ್ತರಿಸಲಾಯಿತು. ಕರ್ನೂಲು, ರೇಣಿಗುಂಟ, ಪಾಲಕ್ಕಾಡ್, ಕೋಝಿಕ್ಕೋಡ್ ಎಂದು ಕೇರಳ ಸುತ್ತಿಕೊಂಡು ಮಂಗಳೂರು ಮುಟ್ಟುವ ಉದ್ದದ ಪ್ರಯಾಣ. ಆಮೇಲೆ 1998ರಲ್ಲಿ ಪೂರ್ತಿಯಾದ ಕೊಂಕಣ ರೈಲು ಮಾರ್ಗದಲ್ಲಿ ಉಡುಪಿ. ಹೊರಡುವ ದಿನ, ಸಮಯವನ್ನು ಟಿಕೆಟ್ ತೆಗೆಯುವಾಗ ನೋಡಿಕೊಳ್ಳಿ. ವಿಮಾನದಲ್ಲಾದರೆ ಮಂಗಳೂರಿನಲ್ಲಿ ಇಳಿದು, ಅಲ್ಲಿಂದ ರಸ್ತೆಯಲ್ಲಿ ಸುಮಾರು 60 ಕಿಲೋಮೀಟರ್.

ಉಡುಪಿಯಿಂದ ಸಂತೆಕಟ್ಟೆ, ನೇಜಾರು, ಕೆಮ್ಮಣ್ಣು, ಹೂಡೆ, ಬೆಂಗ್ರೆ. ಇದು ದಾರಿ. ಉಡುಪಿಯ ಸಿಟಿ ಬಸ್ ನಿಲ್ದಾಣದಿಂದ ಈ ಕಡೆ ಖಾಸಗಿ ಬಸ್ಸುಗಳಿವೆ. ಒಂದು ಎಚ್ಚರಿಕೆ: ಮಂಗಳೂರಿನಲ್ಲೂ ತೋಟ ಬೆಂಗ್ರೆ, ಕಸಬಾ ಬೆಂಗ್ರೆ ಇವೆ. ಕುಂದಾಪುರದಲ್ಲಿ ಬೇರೊಂದು ಕೋಡಿ ಇದೆ. ಆದ್ದರಿಂದ ಬಸ್ಸಿನಲ್ಲಿ, ರಿಕ್ಷಾದಲ್ಲಿ "ಹೂಡೆಯಾಚೆಯ ಕೋಡಿ ಬೆಂಗ್ರೆ" ಎಂದೇ ಹೇಳಿ.

ದಾರಿಯನ್ನೂ ನೋಡುತ್ತಾ ಹೋಗಿ. ಪಕ್ಕದ ಕಲ್ಯಾಣಪುರ ಡಾ. ಟಿ.ಎಂ.ಎ. ಪೈಯವರು 1898ರಲ್ಲಿ ಹುಟ್ಟಿದ ಊರು. ಅವರ ಹೆಸರಿನ ಮೊದಲಿನ "ಟಿ" ಅಂದರೆ ತೋನ್ಸೆ, ಈ ಸೀಮೆಯ ಹೆಸರು. ಕೆಮ್ಮಣ್ಣಿನಲ್ಲಿ ತಿಮ್ಮಣ್ಣ ಕುದ್ರುವಿಗೆ ಹೋಗುವ ತೂಗುಸೇತುವೆ ಇದೆ. ಒಮ್ಮೆಗೆ ಹೆಚ್ಚು ಜನ ಹತ್ತಬೇಡಿ, ಕುಣಿಸಬೇಡಿ. ಮಲ್ಪೆಯಿಂದ ದೋಣಿಯಲ್ಲಿ ಹೋಗುವ ಸೇಂಟ್ ಮೇರೀಸ್ ದ್ವೀಪಕ್ಕೂ ತೋನ್ಸೆಪಾರ್ ಎಂದು ಹಳೆಯ ಹೆಸರು. ಸುಮಾರು 8.8 ಕೋಟಿ ವರ್ಷಗಳ ಹಿಂದಿನ ಲಾವಾದ ಕಲ್ಲುಕಂಬಗಳನ್ನು ನೋಡಲು ಚೆಂದ. ಆದರೆ ಅಲ್ಲಿ ಜನವಸತಿ ಇಲ್ಲ. ಬದುಕು ನೋಡಬೇಕೆಂದರೆ ಬೆಂಗ್ರೆಗೇ ಬರಬೇಕು.

ನವೆಂಬರಿನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಕಯಾಕ್ ದೋಣಿ ನಡೆಸಲು, ಅಲೆಯ ಮೇಲೆ ಹಲಗೆ ಸವಾರಿ ಕಲಿಸಲು ತಿಳಿದವರು ಇಲ್ಲಿದ್ದಾರೆ. ಲೈಫ್ ಜಾಕೆಟ್ ಕೊಡದವರ ದೋಣಿ ಹತ್ತಬೇಡಿ.

ದಯವಿಟ್ಟು ಇದನ್ನು ಎರಡು ಸಲ ಓದಿ

ಕಡಲು ಕಾಣದ ಊರಿನವರಾದ ನಮಗೆ ನೀರು ಕಂಡೊಡನೆ ಇಳಿಯುವ ಆಸೆ. ಅಳಿವೆಯ ತುದಿಯಲ್ಲಿ ಮಾತ್ರ ನೀರಿಗೆ ಇಳಿಯಲೇಬೇಡಿ. ಕಾರಣ ಹೀಗೆ. ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಉಬ್ಬರದಲ್ಲಿ ಒಳಗೆ ನುಗ್ಗಿದ ನೀರು, ಜೊತೆಗೆ ಎರಡು ಹೊಳೆಯ ನೀರು, ಎಲ್ಲವೂ ಇಳಿತದಲ್ಲಿ ಆ ಒಂದೇ ಬಾಯಿಯಿಂದ ಹೊರಗೆ ಓಡಬೇಕು. ಮೇಲೆ ಶಾಂತವಾಗಿ ಕಾಣುತ್ತದೆ, ಕೆಳಗೆ ಸೆಳೆತ. ಕಾಲಡಿಯ ಮರಳು ಒಮ್ಮೆಲೇ ಆಳಕ್ಕೆ ಇಳಿದಿರುತ್ತದೆ. ನಿನ್ನೆ ಇದ್ದ ದಿಬ್ಬ ಇಂದು ಇರುವುದಿಲ್ಲ. ಒಳ್ಳೆಯ ಈಜುಗಾರನಿಗೂ ಅದು ಕಷ್ಟ.

ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಏರಿಳಿತ ಜೋರು. "ಅಣ್ಣಾ, ಇವತ್ತು ಇಳಿತ ಎಷ್ಟು ಹೊತ್ತಿಗೆ?" ಎಂದು ದಂಡೆಯ ಮೇಲಿರುವ ಯಾರನ್ನಾದರೂ ಕೇಳಿ. ಅವರು "ಇಳಿಯಬೇಡಿ" ಎಂದರೆ ಅದು ಅಪ್ಪಣೆ ಎಂದೇ ತಿಳಿಯಿರಿ. ಕಡಲ ಸೆಳೆತಕ್ಕೆ ಸಿಕ್ಕವರು ಎದುರು ಈಜಬಾರದು. ದಂಡೆಗೆ ಸಮನಾಗಿ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬಂದು, ಆಮೇಲೆ ದಂಡೆಯತ್ತ ತಿರುಗಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರಿನ ಹತ್ತಿರವೂ ಹೋಗಬೇಡಿ. ಮಕ್ಕಳ ಕೈ ಬಿಡಬೇಡಿ.

ನೆಂಟರಂತೆ ಹೋಗಿ

ಇನ್ನು ಮನೆಯ ಮಾತು. ದಂಡೆಯಲ್ಲಿ ಹರವಿದ ಬಲೆಯನ್ನು ತುಳಿಯಬೇಡಿ. ಹರಿದರೆ ಒಂದೊಂದು ಕಣ್ಣನ್ನೂ ಕೈಯಲ್ಲೇ ಹೆಣೆಯಬೇಕು. ಮನೆಯಂಗಳಕ್ಕೆ ಕ್ಯಾಮರಾ ತಿರುಗಿಸುವ ಮೊದಲು ಕೇಳಿ. ಈ ಊರಿನಲ್ಲಿ ಮನೆಯ ಹಿತ್ತಿಲೂ ಕಡಲ ದಂಡೆಯೂ ಒಂದೇ, ಎಲ್ಲಿ ಬೇಕೆಂದರಲ್ಲಿ ಕೂತು ಗುಂಡು ಹಾಕುವ ಜಾಗವಲ್ಲ. ಒಂದೇ ರಸ್ತೆ ಇರುವುದರಿಂದ ಕಾರನ್ನು ಅಡ್ಡ ನಿಲ್ಲಿಸಿದರೆ ಮೀನಿನ ಗಾಡಿಯೂ ನಿಲ್ಲುತ್ತದೆ, ಆಂಬುಲೆನ್ಸೂ ನಿಲ್ಲುತ್ತದೆ. ತಂದ ಪ್ಲಾಸ್ಟಿಕ್ ಬಾಟಲಿ, ಚಿಪ್ಸ್ ಪೊಟ್ಟಣಗಳನ್ನು ವಾಪಸು ಉಡುಪಿಗೆ ಒಯ್ಯಿರಿ. ಇಲ್ಲಿ ಎಸೆದದ್ದು ನಾಳೆ ಬಲೆಗೇ ಬರುತ್ತದೆ. ಮೀನು, ಎಳನೀರು, ಊಟ ಏನೇ ಕೊಂಡರೂ ಊರಿನವರಿಂದಲೇ ಕೊಳ್ಳಿ. ನಿಮ್ಮ ಹಣ ಊರಿನಲ್ಲೇ ಉಳಿದರೆ ಮೀನು ಕಡಿಮೆಯಾದ ವರ್ಷದಲ್ಲೂ ಒಂದು ಮನೆ ಮುಂಬಯಿಗೆ ಗಂಟುಮೂಟೆ ಕಟ್ಟದೆ ನಿಂತೀತು.

ಲೂಟ್ರೊ ಊರಿಗೆ ದೋಣಿಯಲ್ಲಿ ಹೋದವರು ನೋಡುವುದು ಚೆಂದದ ಒಂದು ಹೋಟೆಲು. ಬೆಂಗ್ರೆಯಲ್ಲಿ ನಾವು ನೋಡುವುದು ಮರಳ ಮೇಲೆ ಕಟ್ಟಿದ ಬದುಕು. ಹೊಳೆ ಕೊಟ್ಟ ನೆಲ, ಮಳೆ ಕೊಟ್ಟ ಬಾವಿ, ಕಡಲು ಕೊಟ್ಟ ಊಟ. ಮೂರೂ ಅಳತೆಯವೇ. ನಾವು ಒಂದು ದಿನದ ನೆಂಟರು. ನೆಂಟರು ಹೋದ ಮೇಲೆ ಮನೆಯವರು "ಇನ್ನೊಮ್ಮೆ ಬರಲಿ" ಅನ್ನಬೇಕು, ಅಲ್ಲವೇ?

ಹೋಗಿ ಬಂದವರು ನಮಗೊಂದು ಪತ್ರ ಹಾಕಿ. ಸೂರ್ಯ ಹೊಳೆಯಲ್ಲಿ ಹುಟ್ಟಿದ್ದನ್ನೂ ಕಡಲಿನಲ್ಲಿ ಮುಳುಗಿದ್ದನ್ನೂ ಒಂದೇ ದಿನ ಕಂಡವರ ಮಾತನ್ನು ಮುಂದಿನ ಕಾರ್ಯಕ್ರಮದಲ್ಲಿ ಎಲ್ಲರಿಗೂ ಕೇಳಿಸೋಣ. ಅಲ್ಲಿಯವರೆಗೆ ಕೇಳುತ್ತಿರಿ, ಕನ್ನಡದಲ್ಲಿ.